ಸಂಚಾರಿ ಸಿಎನ್‌ಸಿ ರೂಟರ್: ಹಲಗೆಯ ಬಿಗಿತವೇ ಲಾಭದ ಬುನಾದಿ

ಮರಗೆಲಸ, ಜಾಹೀರಾತು ಫಲಕ ಹಾಗೂ ಒಳಾಂಗಣ ಅಲಂಕಾರದ ಉದ್ಯಮಗಳಲ್ಲಿ ಗಣಕಯಂತ್ರ ನಿಯಂತ್ರಿತ ಕತ್ತರಿಸುವ ಯಂತ್ರಗಳು, ಅಂದರೆ ಸಿಎನ್‌ಸಿ ರೂಟರ್‌ಗಳು, ಇಂದು ಅಪರೂಪದ ವಸ್ತುಗಳಾಗಿ ಉಳಿದಿಲ್ಲ. ದೇವರ ಕೋಣೆಯ ಬಾಗಿಲು, ಜಾಲಂದ್ರ, ಅಡುಗೆಮನೆಯ ಕಪಾಟು, ಅಂಗಡಿಯ ನಾಮಫಲಕ, ಇವೆಲ್ಲವೂ ಈ ಯಂತ್ರದ ಕೆಳಗೆ ಸಿದ್ಧವಾಗುತ್ತಿವೆ. ಇವುಗಳ ಜೊತೆಗೆ ಒಬ್ಬರೋ ಇಬ್ಬರೋ ಎತ್ತಿಕೊಂಡು ಹೋಗಬಹುದಾದ ಸಂಚಾರಿ ಯಂತ್ರಗಳೂ ಮಾರುಕಟ್ಟೆಗೆ ಬಂದಿವೆ. ದೊಡ್ಡ ಯಂತ್ರಕ್ಕೆ ಬೇಕಾದ ಜಾಗ, ಮೂರು ಫೇಸ್ ವಿದ್ಯುತ್ತು ಹಾಗೂ ಬಂಡವಾಳ ಇವಕ್ಕೆ ಬೇಕಿಲ್ಲವಾದ್ದರಿಂದ ಸಣ್ಣ ಉದ್ಯಮಿಗಳ ಗಮನ ಸಹಜವಾಗಿಯೇ ಇವುಗಳತ್ತ ಹರಿಯುತ್ತಿದೆ.

ಯಂತ್ರ ಕೊಳ್ಳುವಾಗ ಉದ್ಯಮಿಯು ಮೋಟಾರಿನ ಶಕ್ತಿ, ಕತ್ತರಿಸುವ ವೇಗ, ತಂತ್ರಾಂಶ, ಖಾತರಿಯ ಅವಧಿ ಇವೆಲ್ಲವನ್ನೂ ವಿಚಾರಿಸುತ್ತಾನೆ. ಆದರೆ ಕತ್ತರಿಸುವಾಗ ಹಲಗೆಯನ್ನು ಅಲುಗದಂತೆ ಹಿಡಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಸಣ್ಣ ಕಾರ್ಯಾಗಾರದಲ್ಲಿ ಯಂತ್ರ ಸರಿಯಾಗಿದ್ದರೂ ಕೆಲಸ ಕೆಡಬಹುದು. ಹಲಗೆ ಎರಡು ಮಿಲಿಮೀಟರ್ ಜರುಗಿದರೆ ಸಾಕು. ಲೆಕ್ಕಪತ್ರದ ದೃಷ್ಟಿಯಿಂದಲೂ, ಕೆಲಸಗಾರರ ಸುರಕ್ಷತೆಯ ದೃಷ್ಟಿಯಿಂದಲೂ ಈ ವಿಷಯ ವಿವರವಾದ ಪರಿಶೀಲನೆಗೆ ಅರ್ಹವಾಗಿದೆ.

ಹಿನ್ನೆಲೆ

ಅಂಕಿಗಳ ಮೂಲಕ ಯಂತ್ರವನ್ನು ನಡೆಸುವ ತಂತ್ರಜ್ಞಾನವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯು 1952ರಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಿತು. ಅದರ ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮಷಿನ್ ಟೂಲ್ಸ್ ಸ್ಥಾಪನೆಯಾಯಿತು. ಪ್ಲೈವುಡ್ ಉದ್ಯಮಕ್ಕಾಗಿ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯು 1962ರಲ್ಲಿ ಬೆಂಗಳೂರಿನಲ್ಲಿಯೇ ಆರಂಭಗೊಂಡಿತು. ಹೀಗೆ ಯಂತ್ರ ಹಾಗೂ ಹಲಗೆ ಎರಡರ ಜ್ಞಾನಕ್ಕೂ ಕರ್ನಾಟಕದಲ್ಲಿ ದೀರ್ಘ ಪರಂಪರೆ ಇದೆ.

ಸಂಚಾರಿ ಯಂತ್ರಗಳು ಈಚಿನವು. ಅಮೆರಿಕದ ಶಾಪ್‌ಬಾಟ್ ಸಂಸ್ಥೆಯು 2013ರಲ್ಲಿ ಹ್ಯಾಂಡಿಬಾಟ್ ಎಂಬ ಕೈಯಲ್ಲಿ ಹೊತ್ತೊಯ್ಯುವ ಯಂತ್ರವನ್ನು ಪರಿಚಯಿಸಿತು. 2016ರಲ್ಲಿ ಶೇಪರ್ ಒರಿಜಿನ್ ಹಾಗೂ ಮ್ಯಾಸ್ಲೋ ಎಂಬ ಎರಡು ಭಿನ್ನ ಮಾದರಿಗಳು ಬೆಳಕಿಗೆ ಬಂದವು. ಮೊದಲನೆಯದು ಹಲಗೆಯ ಮೇಲೆ ಅಂಟಿಸಿದ ಗುರುತಿನ ಪಟ್ಟಿಯನ್ನು ಕ್ಯಾಮೆರಾದಿಂದ ಓದಿ, ಕೆಲಸಗಾರನ ಕೈಚಲನೆಯ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಎರಡನೆಯದು ಓರೆಯಾಗಿ ನಿಲ್ಲಿಸಿದ ಚೌಕಟ್ಟಿನ ಮೇಲೆ ಸರಪಳಿಗಳಿಂದ ತೂಗಿಕೊಂಡು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪೂರ್ಣ ಹಲಗೆಯನ್ನು ಕತ್ತರಿಸುವಂತೆ ರೂಪಿತವಾಗಿತ್ತು. ಇವಲ್ಲದೆ ಚಿಕ್ಕ ಹಳಿಗಳ ಮೇಲೆ ಓಡುವ, ಬಿಚ್ಚಿ ಜೋಡಿಸಬಹುದಾದ ಯಂತ್ರಗಳೂ ಇವೆ. ಮಾದರಿ ಯಾವುದೇ ಇರಲಿ, ಹಲಗೆಯನ್ನು ಹಿಡಿಯುವ ಹೊಣೆ ಮಾತ್ರ ಉದ್ಯಮಿಯದೇ.

ಹಳ್ಳಿಯ ಕೆಲಸದ ಬೇರೆ ಬಗೆ

ನಗರದ ಕೈಗಾರಿಕಾ ಪ್ರದೇಶದಲ್ಲಿ ಸ್ಥಿರವಾಗಿ ನೆಲೆಗೊಂಡ ದೊಡ್ಡ ಯಂತ್ರಕ್ಕೆ ನಿರ್ವಾತ ಮೇಜು ಇರುತ್ತದೆ. ಪಂಪು ಮೇಜಿನ ಕೆಳಗಿನ ಗಾಳಿಯನ್ನು ಹೀರಿಕೊಂಡಾಗ ವಾತಾವರಣದ ಒತ್ತಡವೇ ಹಲಗೆಯನ್ನು ಒತ್ತಿ ಹಿಡಿಯುತ್ತದೆ. ಆದರೆ ಅರಕೇರಿಯಲ್ಲೋ, ತಿಕೋಟಾ ಅಥವಾ ಬಬಲೇಶ್ವರದ ಕಡೆಯ ಹಳ್ಳಿಯೊಂದರಲ್ಲೋ ಹೊಸ ಮನೆಯ ಒಳಗೆಲಸ ಹಿಡಿದು, ಯಂತ್ರವನ್ನು ಟಂಟಂ ವಾಹನದಲ್ಲಿ ಹೇರಿಕೊಂಡು ಹೋಗುವ ಉದ್ಯಮಿಗೆ ಆ ಅನುಕೂಲವಿಲ್ಲ. ಅಲ್ಲಿ ಸಿಗುವುದು ಸಿಂಗಲ್ ಫೇಸ್ ವಿದ್ಯುತ್ತು, ಏರುಪೇರಾದ ನೆಲ ಹಾಗೂ ಸಿಮೆಂಟಿನ ಧೂಳು.

ವಿದ್ಯುತ್ತಿನ ಪ್ರಶ್ನೆಯೊಂದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕತ್ತರಿಸುವ ಮಧ್ಯೆ ವಿದ್ಯುತ್ತು ಹೋದರೆ ನಿರ್ವಾತದ ಹಿಡಿತ ಕೆಲವೇ ಕ್ಷಣಗಳಲ್ಲಿ ಸಡಿಲಗೊಳ್ಳುತ್ತದೆ. ಸ್ಕ್ರೂ, ಕ್ಲಾಂಪು, ಬೆಣೆ ಮೊದಲಾದವುಗಳಿಂದ ಬಿಗಿದ ಹಲಗೆ ಇದ್ದಲ್ಲಿಯೇ ಇರುತ್ತದೆ. ವಿದ್ಯುತ್ತು ಮರಳಿದ ನಂತರ ಯಂತ್ರದ ಮೂಲಬಿಂದುವನ್ನು ಮತ್ತೆ ಹೊಂದಿಸಿ, ನಿಂತ ಕಡೆಯಿಂದ ಕೆಲಸ ಮುಂದುವರಿಸಬಹುದು. ಆದ್ದರಿಂದ ಗ್ರಾಮೀಣ ಭಾಗದಲ್ಲಿ ಯಾಂತ್ರಿಕ ಬಿಗಿತವು ಕೇವಲ ಬಡವನ ಉಪಾಯವಲ್ಲ. ಪರಿಸ್ಥಿತಿಗೆ ಒಪ್ಪುವ ಉಪಾಯ.

ಇನ್ನು ನೆಲ. ಈ ಭಾಗದ ಮನೆಗಳಲ್ಲಿ ಶಹಾಬಾದಿ ಕಲ್ಲಿನ ನೆಲ ಸಾಮಾನ್ಯ. ಕಲ್ಲಿನಿಂದ ಕಲ್ಲಿಗೆ ಇರುವ ಏರುತಗ್ಗು ಹಲಗೆಗೆ ನೇರವಾಗಿ ವರ್ಗವಾಗುತ್ತದೆ. ನೇರವಾದ ಮರದ ರೀಪುಗಳಿಂದ ಚೌಕಟ್ಟೊಂದನ್ನು ಮಾಡಿಕೊಂಡು, ರಸಮಟ್ಟದಿಂದ ಪರೀಕ್ಷಿಸಿ, ಅದರ ಮೇಲೆ ಅಡಿ ಹಲಗೆ ಹಾಸಿ, ನಂತರವೇ ಕತ್ತರಿಸುವ ಹಲಗೆಯನ್ನು ಇಡಬೇಕು. ಅಡಿ ಹಲಗೆ ಎಂದರೆ ಬಿಟ್ ಕೆಳಗೆ ಇಳಿದಾಗ ಪೆಟ್ಟು ತಿನ್ನಲೆಂದೇ ಇಡುವ ಅಗ್ಗದ ಎಂಡಿಎಫ್ ಅಥವಾ ಹಳೆಯ ಪ್ಲೈವುಡ್. ಇದನ್ನು ಉಳಿಸಲು ಹೋಗಿ ಬಿಟ್ಟನ್ನು ಕಡಿಮೆ ಆಳಕ್ಕೆ ಇಳಿಸುವುದು ತಪ್ಪು ಮಿತವ್ಯಯ.

ಹಲಗೆ ಏಕೆ ಅಲುಗುತ್ತದೆ?

ರೂಟರಿನ ಬಿಟ್ ನಿಮಿಷಕ್ಕೆ ಸಾಮಾನ್ಯವಾಗಿ 10,000ದಿಂದ 24,000 ಸುತ್ತು ತಿರುಗುತ್ತದೆ. ಅದು ಹಲಗೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಬಿಟ್ಟಿನ ಸುರುಳಿಯ ದಿಕ್ಕನ್ನು ಅನುಸರಿಸಿ ಮೇಲಕ್ಕೂ ಎಳೆಯುತ್ತದೆ ಅಥವಾ ಕೆಳಕ್ಕೂ ಒತ್ತುತ್ತದೆ. ಮೇಲೆಳೆಯುವ ಸುರುಳಿಯ ಬಿಟ್ ಹೊಟ್ಟನ್ನು ಚೆನ್ನಾಗಿ ಹೊರಹಾಕುತ್ತದೆ, ಆದರೆ ಹಲಗೆಯನ್ನೂ ತನ್ನೊಂದಿಗೆ ಎತ್ತಲು ಯತ್ನಿಸುತ್ತದೆ. ಕೆಳಗೊತ್ತುವ ಸುರುಳಿಯ ಬಿಟ್ ಹಲಗೆಯನ್ನು ಒತ್ತಿ ಹಿಡಿಯುತ್ತದೆ ಹಾಗೂ ಮೇಲ್ಮುಖದ ಅಂಚನ್ನು ಸ್ವಚ್ಛವಾಗಿ ಇಡುತ್ತದೆ, ಆದರೆ ಹೊಟ್ಟು ಸೀಳಿನಲ್ಲಿಯೇ ಸಿಕ್ಕಿಕೊಂಡು ಶಾಖ ಹೆಚ್ಚುತ್ತದೆ. ತೆಳುವಾದ ಹಲಗೆಗೆ, ಹಿಡಿತ ದುರ್ಬಲವಾಗಿರುವ ಕಡೆಗೆ, ಕೆಳಗೊತ್ತುವ ಬಿಟ್ ಬಳಸಿ ನಿಧಾನವಾಗಿ ಹಲವು ಸುತ್ತುಗಳಲ್ಲಿ ಕತ್ತರಿಸುವುದು ಲೇಸು.

ಹಲಗೆಯ ಸ್ವಂತ ತೂಕವನ್ನು ನಂಬುವವರೂ ಇದ್ದಾರೆ. 2440 ಮಿ.ಮೀ. ಉದ್ದ, 1220 ಮಿ.ಮೀ. ಅಗಲ, 18 ಮಿ.ಮೀ. ದಪ್ಪದ ಪ್ಲೈವುಡ್ ಸುಮಾರು 32ರಿಂದ 37 ಕೆ.ಜಿ. ತೂಗುತ್ತದೆ. ಇಡೀ ಹಲಗೆ ಇರುವವರೆಗೆ ಈ ತೂಕ ನೆರವಾಗುತ್ತದೆ. ಆದರೆ ಕತ್ತರಿಸುವುದರ ಉದ್ದೇಶವೇ ಅದನ್ನು ತುಂಡುಗಳನ್ನಾಗಿ ಮಾಡುವುದು. ಅಂಗೈಯಗಲದ ತುಂಡು ಬಿಡುಗಡೆಯಾಗುವ ಕೊನೆಯ ಕ್ಷಣದಲ್ಲಿ ಅದರ ತೂಕ ತೀರ ಕಡಿಮೆ. ಬಿಟ್ಟಿನ ಸೆಳೆತ ಮಾತ್ರ ಮೊದಲಿನಷ್ಟೇ. ಹೆಚ್ಚಿನ ಹಾನಿ ಸಂಭವಿಸುವುದು ಕತ್ತರಿಸುವಿಕೆಯ ಆರಂಭದಲ್ಲಲ್ಲ, ಈ ಅಂತಿಮ ಸುತ್ತಿನಲ್ಲಿ.

ನಿರ್ವಾತ ಮೇಜಿಗೂ ಇದೇ ಮಿತಿ. ವಾತಾವರಣದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಪಂಪು ಅದರ ಅರ್ಧದಷ್ಟನ್ನು ದೊರಕಿಸಿಕೊಟ್ಟರೆ, 10 ಸೆಂ.ಮೀ. ಚೌಕದ ತುಂಡಿನ ಮೇಲೆ 50 ಕೆ.ಜಿ. ಒತ್ತಡ ಬೀಳುತ್ತದೆ. 3 ಸೆಂ.ಮೀ. ಚೌಕದ ತುಂಡಿನ ಮೇಲೆ ಬೀಳುವುದು ನಾಲ್ಕೂವರೆ ಕೆ.ಜಿ. ಮಾತ್ರ. ಪಕ್ಕಕ್ಕೆ ಜಾರದಂತೆ ತಡೆಯುವ ಘರ್ಷಣೆ ಅದರ ಒಂದು ಭಾಗವಷ್ಟೇ. ಸೀಳುಗಳಿಂದ ಗಾಳಿ ಸೋರತೊಡಗಿದರೆ ಅದೂ ಕುಗ್ಗುತ್ತದೆ. ಆದ್ದರಿಂದ ನಿರ್ವಾತ ಮೇಜು ಇಲ್ಲವೆಂದು ಸಣ್ಣ ಉದ್ಯಮಿ ಪರಿತಪಿಸಬೇಕಾಗಿಲ್ಲ. ಸಣ್ಣ ತುಂಡುಗಳ ಸಮಸ್ಯೆ ಇಬ್ಬರಿಗೂ ಸಮಾನ.

ಮೂರನೆಯ ಕಾರಣ ಹವಾಮಾನ. ವಿಜಯಪುರದ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಗೋಡೆಗೆ ಒರಗಿಸಿ ನಿಲ್ಲಿಸಿದ ಹಲಗೆ, ಒಂದು ಮುಖಕ್ಕೆ ಬಿಸಿಲು ಬಿದ್ದ ಹಲಗೆ, ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಹಲಗೆಯನ್ನು ನಾಲ್ಕು ಅಂಚುಗಳಲ್ಲಿ ಬಿಗಿದರೆ ನಡುಭಾಗ ಉಬ್ಬಿಯೇ ಇರುತ್ತದೆ. ಬಿಟ್ ಅಲ್ಲಿಗೆ ಬಂದಾಗ ಅದು ಡೋಲಿನಂತೆ ಕಂಪಿಸುತ್ತದೆ. ಹಲಗೆಗಳನ್ನು ನೆರಳಿನಲ್ಲಿ, ಸಮ ಅಂತರದ ರೀಪುಗಳ ಮೇಲೆ ಮಲಗಿಸಿ ಇಡುವುದು ಖರ್ಚಿಲ್ಲದ ಮೊದಲ ಪರಿಹಾರ.

ಹಿಡಿತದ ವಿಧಾನಗಳು

ಅತ್ಯಂತ ಸರಳ ಹಾಗೂ ವಿಶ್ವಾಸಾರ್ಹವಾದುದು ಸ್ಕ್ರೂ. ಬಳಕೆಗೆ ಬಾರದ ಭಾಗಗಳಲ್ಲಿ, ಅಂದರೆ ಅಂಚಿನಲ್ಲಿಯೂ ತುಂಡುಗಳ ನಡುವಿನ ಖಾಲಿ ಜಾಗದಲ್ಲಿಯೂ, ಹಲಗೆಯ ಮೂಲಕ ಅಡಿ ಹಲಗೆಗೆ ಸ್ಕ್ರೂ ಬಿಗಿಯಬೇಕು. ಸ್ಕ್ರೂಗಳ ಸ್ಥಾನವನ್ನು ಅಂದಾಜಿಗೆ ಬಿಡದೆ ನಕ್ಷೆಯಲ್ಲಿಯೇ ಗುರುತಿಸಿ, ಮೊದಲು ಯಂತ್ರದಿಂದಲೇ ಆ ಸ್ಥಳಗಳಲ್ಲಿ ಸಣ್ಣ ರಂಧ್ರ ಕೊರೆಸಿದರೆ ಬಿಟ್ ಸ್ಕ್ರೂವಿಗೆ ತಾಗುವ ಅಪಾಯ ಉಳಿಯುವುದಿಲ್ಲ. ಉಕ್ಕಿನ ಸ್ಕ್ರೂವಿಗೆ ತಾಗಿದ ಕಾರ್ಬೈಡ್ ಬಿಟ್ ಮುರಿದು ಸಿಡಿಯಬಹುದು.

ಅಂಚಿನ ಕ್ಲಾಂಪುಗಳು ವೇಗದ ಕೆಲಸಕ್ಕೆ ಅನುಕೂಲ. ಆದರೆ ಎಂಟು ಅಡಿ ಹಲಗೆಯ ನಡುಭಾಗಕ್ಕೆ ಅವು ಎಟಕುವುದಿಲ್ಲ. ಯಂತ್ರದ ತಲೆ ಅವಕ್ಕೆ ಡಿಕ್ಕಿ ಹೊಡೆಯುವ ಸಂಭವವೂ ಇದೆ. ಪಕ್ಕದಿಂದ ಒತ್ತುವ ಮರದ ಬೆಣೆಗಳು ಮೇಲೆ ಚಾಚಿಕೊಳ್ಳುವುದಿಲ್ಲವಾದ್ದರಿಂದ ಆ ಅಪಾಯವಿಲ್ಲ. ಎದುರುಬದುರು ಜೋಡಿಸಿದ ಎರಡು ಬೆಣೆಗಳನ್ನು ಸುತ್ತಿಗೆಯಿಂದ ತಟ್ಟಿದರೆ ಹಲಗೆ ಬಿಗಿಯುತ್ತದೆ. ಈ ತಂತ್ರವನ್ನು ನಮ್ಮ ಬಡಿಗೇರರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ತೆಳುವಾದ ಹಲಗೆಯನ್ನು ಮಾತ್ರ ಪಕ್ಕದಿಂದ ಅತಿಯಾಗಿ ಒತ್ತಿದರೆ ಅದು ಮೇಲಕ್ಕೆ ಉಬ್ಬುತ್ತದೆ.

ಸ್ಕ್ರೂ ಹಾಕಲಾಗದ ಅಕ್ರಿಲಿಕ್, ಲ್ಯಾಮಿನೇಟ್ ಅಂಟಿಸಿದ ಹಲಗೆ ಹಾಗೂ ಸಣ್ಣ ಅಕ್ಷರಗಳಿಗೆ ಎರಡೂ ಬದಿ ಅಂಟುವ ಟೇಪು ಸೂಕ್ತ. ಇನ್ನೊಂದು ಉಪಾಯವೂ ಪ್ರಚಲಿತವಿದೆ: ಹಲಗೆಯ ಕೆಳಮುಖಕ್ಕೂ ಅಡಿ ಹಲಗೆಗೂ ಮಾಸ್ಕಿಂಗ್ ಟೇಪು ಅಂಟಿಸಿ, ಎರಡು ಟೇಪುಗಳ ನಡುವೆ ತ್ವರಿತ ಅಂಟನ್ನು ಹಾಕಿ ಒತ್ತುವುದು. ಕೆಲಸ ಮುಗಿದ ಮೇಲೆ ಟೇಪು ಕಿತ್ತರೆ ವಸ್ತುವಿಗೆ ಕಲೆ ಉಳಿಯುವುದಿಲ್ಲ. ಎರಡಕ್ಕೂ ಧೂಳೇ ಶತ್ರು. ಒರೆಸದ ಮೇಲ್ಮೈಗೆ ಅಂಟಿಸಿದ ಟೇಪು ಹಲಗೆಯನ್ನಲ್ಲ, ಧೂಳನ್ನು ಹಿಡಿದಿರುತ್ತದೆ.

ನಾಲ್ಕನೆಯದು, ಹಾಗೂ ಬಿಡಿ ತುಂಡುಗಳ ವಿಷಯದಲ್ಲಿ ಅತಿ ಮುಖ್ಯವಾದುದು, ಟ್ಯಾಬ್ ಅಥವಾ ಕೊಂಡಿ. ತುಂಡಿನ ಸುತ್ತ ಪೂರ್ಣ ಕತ್ತರಿಸದೆ ಅಲ್ಲಲ್ಲಿ ಕಿರಿದಾದ ಸೇತುವೆಗಳನ್ನು ಉಳಿಸುವುದೇ ಈ ಕ್ರಮ. 18 ಮಿ.ಮೀ. ಪ್ಲೈವುಡ್ಡಿಗೆ 8ರಿಂದ 10 ಮಿ.ಮೀ. ಅಗಲ, 2ರಿಂದ 3 ಮಿ.ಮೀ. ಎತ್ತರದ ಕೊಂಡಿಗಳಿಂದ ಆರಂಭಿಸಿ, ಹಲಗೆಯ ಗುಣ ನೋಡಿಕೊಂಡು ಹೆಚ್ಚುಕಡಿಮೆ ಮಾಡಬಹುದು. ಕೊಂಡಿಗಳು ನೇರ ಅಂಚಿನಲ್ಲಿರಬೇಕು. ಕಮಾನು, ಚೂಪು ಮೂಲೆ ಅಥವಾ ಕಿರಿದಾದ ಕತ್ತಿನ ಬಳಿ ಇಟ್ಟರೆ ಬಿಡಿಸುವಾಗ ಮೇಲ್ಪದರ ಕಿತ್ತುಬರುತ್ತದೆ. ಬಿಡಿಸಲು ಕೈಯಿಂದ ಮುರಿಯದೆ ಉಳಿಯಿಂದ ಕತ್ತರಿಸಿ, ನಂತರ ಮರಳು ಕಾಗದದಿಂದ ಉಜ್ಜಬೇಕು. ಅಗ್ಗದ ಪ್ಲೈವುಡ್ಡಿನ ಒಳಪದರದಲ್ಲಿ ಪೊಳ್ಳು ಇರುವುದುಂಟು. ಕೊಂಡಿ ಆ ಪೊಳ್ಳಿನ ಮೇಲೆ ಬಿದ್ದರೆ ಅದು ಇದ್ದೂ ಇಲ್ಲದಂತೆ. ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಐಎಸ್ 303, ಮರೀನ್ ಪ್ಲೈವುಡ್ಡಿಗೆ ಐಎಸ್ 710, ಎಂಡಿಎಫ್‌ಗೆ ಐಎಸ್ 12406 ಎಂಬ ಭಾರತೀಯ ಮಾನಕಗಳಿವೆ. ಖರೀದಿಯ ವೇಳೆ ಈ ಗುರುತು ನೋಡುವುದು ಕತ್ತರಿಸುವವನ ಹಿತಕ್ಕೂ ಸಂಬಂಧಿಸಿದ್ದು.

ಕೊನೆಯದಾಗಿ, ತಳದಲ್ಲಿ ಅರ್ಧ ಮಿಲಿಮೀಟರಿನಷ್ಟು ತೆಳುಪದರವನ್ನು ಉಳಿಸಿ, ಆಮೇಲೆ ಚಾಕುವಿನಿಂದ ಬಿಡಿಸುವ ವಿಧಾನ. ಇದಕ್ಕೆ ಹಲಗೆ ಹಾಗೂ ಅಡಿ ಹಲಗೆ ಎರಡೂ ಅತ್ಯಂತ ಸಮತಟ್ಟಾಗಿರಬೇಕು. ಹಳ್ಳಿಯ ನೆಲದ ಮೇಲೆ ಇದನ್ನು ಅವಲಂಬಿಸುವುದು ಸೂಕ್ತವಲ್ಲ.

ಕತ್ತರಿಸುವ ಕ್ರಮ

ಹಿಡಿತ ಎಷ್ಟೇ ಬಿಗಿಯಾಗಿದ್ದರೂ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ಒಳಗಿನ ರಂಧ್ರಗಳು ಮೊದಲು, ಹೊರ ಅಂಚು ಕೊನೆಗೆ ಎಂಬುದು ಮೂಲ ಸೂತ್ರ. ಸಣ್ಣ ತುಂಡುಗಳನ್ನು ಹಲಗೆ ಇನ್ನೂ ಗಟ್ಟಿಯಾಗಿರುವಾಗ ಕತ್ತರಿಸಬೇಕು. ದೊಡ್ಡ ತುಂಡುಗಳನ್ನು ಮೊದಲು ಬಿಡಿಸಿದರೆ ಉಳಿದ ಅಸ್ಥಿಪಂಜರದಂಥ ಹಲಗೆ ಸಣ್ಣವುಗಳನ್ನು ಹಿಡಿಯಲಾರದು.

ಜಾಲಂದ್ರದ ಕೆಲಸದಲ್ಲಿ ಈ ಸೂತ್ರ ಇನ್ನಷ್ಟು ಮುಖ್ಯ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನಲ್ಲಿ ಕೊರೆದ ಅಕ್ಷರಜಾಲದ ಕಿಟಕಿಗಳನ್ನು ನೋಡಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಜಾಲದ ಬಲ ಇರುವುದು ಎಳೆಗಳು ಒಂದಕ್ಕೊಂದು ಕೂಡುವ ಸಂಧಿಗಳಲ್ಲಿ. ಎಂಡಿಎಫ್ ಹಲಗೆಯ ಜಾಲಂದ್ರವೂ ಅಷ್ಟೇ. ಒಂದು ಮೂಲೆಯಿಂದ ಸಾಲಾಗಿ ಕತ್ತರಿಸುತ್ತ ಹೋಗುವ ಬದಲು, ನಡುವಿನಿಂದ ಆರಂಭಿಸಿ ಹೊರಕ್ಕೆ ಸಾಗಿದರೆ ಗಟ್ಟಿಯಾದ ಅಂಚು ಕೊನೆಯವರೆಗೂ ಆಸರೆಯಾಗಿ ಉಳಿಯುತ್ತದೆ. ಬಿಡುಗಡೆಯಾಗುವ ಒಳತುಂಡುಗಳು ತ್ಯಾಜ್ಯವೇ ಆದರೂ ಅವು ಬಿಟ್ಟಿಗೆ ಸಿಲುಕಿ ಎಗರಿದರೆ ಜಾಲದ ಎಳೆ ಮುರಿಯುತ್ತದೆ. ಅವಕ್ಕೂ ಟೇಪು ಅಥವಾ ಕೊಂಡಿ ಬೇಕು.

ಅಂಗಡಿಗಳ ಮುಂಭಾಗಕ್ಕೆ ಬಳಸುವ ಅಲ್ಯೂಮಿನಿಯಂ ಕಾಂಪೋಸಿಟ್ ಹಲಗೆಯಲ್ಲಿ, ಮಡಿಸುವ ಸಲುವಾಗಿ ಹಿಂಬದಿಯಿಂದ ವಿ ಆಕಾರದ ಗೀರು ಹಾಕಲಾಗುತ್ತದೆ. ಮುಂಬದಿಯ ಅಲ್ಯೂಮಿನಿಯಂ ಪದರ ಹಾಗೂ ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಉಳಿಯಬೇಕು. ಹಲಗೆ ಅರ್ಧ ಮಿಲಿಮೀಟರ್ ಉಬ್ಬಿದ್ದರೂ ಗೀರು ಲೋಹದೊಳಕ್ಕೆ ಇಳಿಯುತ್ತದೆ; ಮಡಿಸಿದಾಗ ಅಂಚು ಬಿರುಕು ಬಿಡುತ್ತದೆ. ಇಲ್ಲಿ ಪಕ್ಕದ ಹಿಡಿತಕ್ಕಿಂತ ಮೇಲಿನ ಒತ್ತಡವೇ ಪ್ರಧಾನ. ಗೀರಿನ ಎರಡೂ ಬದಿಗೆ ನೇರ ಪಟ್ಟಿಗಳನ್ನು ಹಾಕಿ ಒತ್ತಬೇಕು.

ಯಂತ್ರದ ಹಾಸಿಗಿಂತ ದೊಡ್ಡ ಹಲಗೆಯನ್ನು ಭಾಗ ಭಾಗವಾಗಿ ಕತ್ತರಿಸಬೇಕಾದಾಗ ಹಲಗೆಯಲ್ಲಿ ಎರಡು ಗುರುತು ರಂಧ್ರಗಳನ್ನು ಕೊರೆದು, ಸರಿಸಿದ ನಂತರ ಅವುಗಳಲ್ಲಿ ಗೂಟ ಸೇರಿಸಿ ಸ್ಥಾನ ಹೊಂದಿಸಬೇಕು. ಕ್ಯಾಮೆರಾ ಆಧಾರಿತ ಯಂತ್ರದಲ್ಲಿ ಗುರುತಿನ ಪಟ್ಟಿ ಹಲಗೆಯ ಮೇಲೆಯೇ ಇದ್ದರೆ, ಹಲಗೆ ಸ್ವಲ್ಪ ಸರಿದರೂ ಪಟ್ಟಿ ಅದರೊಂದಿಗೇ ಸರಿಯುವುದರಿಂದ ಅಳತೆ ತಪ್ಪುವುದಿಲ್ಲ. ಪಟ್ಟಿಯನ್ನು ಮೇಜಿಗೆ ಅಂಟಿಸಿ ಹಲಗೆಯನ್ನು ಸಡಿಲ ಬಿಟ್ಟರೆ ಪ್ರತಿ ಜರುಗುವಿಕೆಯೂ ನೇರವಾಗಿ ದೋಷವಾಗುತ್ತದೆ.

ಲೆಕ್ಕ ಏನು ಹೇಳುತ್ತದೆ?

ವೆಚ್ಚ ಲೆಕ್ಕಶಾಸ್ತ್ರವು ನಷ್ಟವನ್ನು ಸಹಜ ನಷ್ಟ, ಅಸಹಜ ನಷ್ಟ ಎಂದು ಎರಡಾಗಿ ವಿಂಗಡಿಸುತ್ತದೆ. ಬಿಟ್ಟಿನ ಸೀಳಿನಲ್ಲಿ ಹೊಟ್ಟಾಗಿ ಹೋಗುವುದು, ಅಂಚಿನ ಪಟ್ಟಿ ಉಳಿಯುವುದು ಸಹಜ ನಷ್ಟ. ಅದು ದರದಲ್ಲಿಯೇ ಸೇರಬೇಕು. ಹಲಗೆ ಜರುಗಿ ಕೆಟ್ಟದ್ದು ಅಸಹಜ ನಷ್ಟ. ಅದನ್ನು ಗ್ರಾಹಕನ ಮೇಲೆ ಹೇರಲಾಗದು, ಲಾಭದಿಂದಲೇ ಭರಿಸಬೇಕು. ಇವೆರಡನ್ನೂ ಬೆರೆಸಿ ‘ವೇಸ್ಟೇಜ್’ ಎಂಬ ಒಂದೇ ತಲೆಬರಹದಡಿ ಬರೆಯುವ ಪದ್ಧತಿಯಿಂದ ನಿಜವಾದ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ.

ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಬಹುದು. ಒಂದು ಹಲಗೆಯ ಬೆಲೆ 2,400 ರೂಪಾಯಿ. ಕೂಲಿ, ವಿದ್ಯುತ್ತು, ಬಿಟ್ಟಿನ ಸವೆತ ಹಾಗೂ ಸಾಗಣೆ ಸೇರಿ 1,000 ರೂಪಾಯಿ. ತೆರಿಗೆ ಹೊರತುಪಡಿಸಿ ಗ್ರಾಹಕನಿಂದ ಬರುವುದು 4,000 ರೂಪಾಯಿ. ಲಾಭ 600 ರೂಪಾಯಿ. ಹಲಗೆ ಕೆಟ್ಟರೆ ಮತ್ತೆ 3,400 ರೂಪಾಯಿ ವ್ಯಯ. ಉಳಿದ ತುಂಡುಗಳಿಂದ 400 ರೂಪಾಯಿ ಬಂದರೂ ನಿವ್ವಳ ನಷ್ಟ 3,000 ರೂಪಾಯಿ. ಅಂದರೆ ಒಂದು ಹಲಗೆಯ ಹಾನಿಯು ಐದು ಹಲಗೆಗಳ ಲಾಭವನ್ನು ನುಂಗಿಹಾಕುತ್ತದೆ.

ತಿಂಗಳಿಗೆ 100 ಹಲಗೆ ಕತ್ತರಿಸುವ ಘಟಕದಲ್ಲಿ ಐದು ಕೆಟ್ಟರೆ ನಷ್ಟ 15,000 ರೂಪಾಯಿ. ಟೇಪು, ಸ್ಕ್ರೂ, ಅಡಿ ಹಲಗೆಯ ಸವೆತ ಹಾಗೂ ಕೊಂಡಿ ಬಿಡಿಸುವ ಕೂಲಿ ಎಂದು ಪ್ರತಿ ಹಲಗೆಗೆ 60 ರೂಪಾಯಿ ಖರ್ಚು ಮಾಡಿ ಹಾನಿಯನ್ನು ಒಂದಕ್ಕೆ ಇಳಿಸಿದರೆ, ಖರ್ಚು 6,000 ಹಾಗೂ ನಷ್ಟ 3,000, ಒಟ್ಟು 9,000 ರೂಪಾಯಿ. ತಿಂಗಳಿಗೆ 6,000 ರೂಪಾಯಿ ಉಳಿತಾಯ. ಇದೇ ಲೆಕ್ಕದ ಇನ್ನೊಂದು ಮುಖವನ್ನೂ ಕಾಣಬೇಕು. ಹಾನಿಯ ಪ್ರಮಾಣ ನೂರಕ್ಕೆ ಎರಡರಷ್ಟೇ ಇರುವ ಘಟಕ ಎಲ್ಲ ಹಲಗೆಗಳಿಗೂ 60 ರೂಪಾಯಿ ಸುರಿದರೆ ಲಾಭವಿಲ್ಲ, ಏಕೆಂದರೆ ಹಾನಿ ಸಂಪೂರ್ಣ ನಿಂತರೂ ಉಳಿಯುವುದು 6,000 ರೂಪಾಯಿ ಮಾತ್ರ. ಅಂಥವರು ಜಾಲಂದ್ರ, ಸಣ್ಣ ಅಕ್ಷರ, ದುಬಾರಿ ಹಲಗೆ ಇಂಥ ಅಪಾಯದ ಕೆಲಸಗಳಿಗೆ ಮಾತ್ರ ಹೆಚ್ಚುವರಿ ಹಿಡಿತ ಬಳಸಬೇಕು. ತನ್ನ ಘಟಕ ಎಲ್ಲಿ ನಿಂತಿದೆ ಎಂದು ತಿಳಿಯಲು ಕೆಟ್ಟ ಹಲಗೆಗಳ ದಾಖಲೆ ಪುಸ್ತಕವೊಂದು ಬೇಕು: ದಿನಾಂಕ, ಹಲಗೆಯ ವಿಧ, ಹಿಡಿತದ ವಿಧಾನ, ಕೆಟ್ಟ ಕಾರಣ, ನಷ್ಟದ ಮೊತ್ತ. ಇಷ್ಟೇ ಐದು ಕಲಮುಗಳು ಸಾಕು.

ಗ್ರಾಹಕನ ಹಲಗೆ, ಉದ್ಯಮಿಯ ಹೊಣೆ

ಗ್ರಾಹಕನೇ ಹಲಗೆ ತಂದುಕೊಟ್ಟು ಕೇವಲ ಕತ್ತರಿಸುವ ಕೂಲಿ ಕೊಡುವ ಪದ್ಧತಿಯೂ ವ್ಯಾಪಕವಾಗಿದೆ. ಬಂಡವಾಳ ಹೂಡಬೇಕಾಗಿಲ್ಲವೆಂದು ಇದು ಸುರಕ್ಷಿತವೆನಿಸುತ್ತದೆ. ವಾಸ್ತವದಲ್ಲಿ 600 ರೂಪಾಯಿ ಕೂಲಿಗಾಗಿ 2,400 ರೂಪಾಯಿಯ ಹಲಗೆಯ ಹೊಣೆ ಹೊತ್ತಂತೆ. ತೇಗದ ಮೇಲ್ಪದರವಿರುವ ಅಥವಾ ಪಾಲಿಶ್ ಆದ ಹಲಗೆಯಾದರೆ ಹೊಣೆ ಇನ್ನೂ ದೊಡ್ಡದು. ಕೆಲಸ ಸ್ವೀಕರಿಸುವಾಗಲೇ ಹಲಗೆಯ ಬಾಗು, ಪೊಳ್ಳು, ಹಳೆಯ ಮೊಳೆ ಇತ್ಯಾದಿಗಳನ್ನು ಗ್ರಾಹಕನ ಸಮ್ಮುಖದಲ್ಲಿ ಪರೀಕ್ಷಿಸಿ, ಸ್ಕ್ರೂ ಹಾಕುವ ಸ್ಥಳಗಳಿಗೆ ಒಪ್ಪಿಗೆ ಪಡೆದು, ಕೆಟ್ಟರೆ ಭರಿಸುವವರು ಯಾರು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಪಡೆಯಬೇಕು. ಮಾತಿನ ಮೇಲೆ ನಡೆದ ವ್ಯವಹಾರ ಹಲಗೆ ಕೆಟ್ಟ ದಿನ ಮನಸ್ತಾಪದಲ್ಲಿ ಕೊನೆಗೊಳ್ಳುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ವ್ಯಾಪಾರಕ್ಕೂ ಅನ್ವಯಿಸುತ್ತದೆ.

ಸರಕು ಮತ್ತು ಸೇವಾ ತೆರಿಗೆಯ ಕೋನವೂ ಇದೆ. ಪ್ಲೈವುಡ್ ಖರೀದಿಯ ಮೇಲೆ ಶೇ. 18 ತೆರಿಗೆ ಪಾವತಿಸಿ, ನೋಂದಾಯಿತ ಉದ್ಯಮಿ ಅದರ ಹೂಡುವಳಿ ತೆರಿಗೆ ಜಮೆ ಪಡೆಯುತ್ತಾನೆ. ಕಾಯಿದೆಯ 17(5)(ಎಚ್) ಕಲಮಿನ ಪ್ರಕಾರ ಕಳೆದುಹೋದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಈ ಜಮೆ ದೊರೆಯದು. ತಯಾರಿಕೆಯಲ್ಲಿಯೇ ಅಂತರ್ಗತವಾದ ನಷ್ಟಕ್ಕೆ ಈ ನಿರ್ಬಂಧ ಅನ್ವಯಿಸದೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2021ರಲ್ಲಿ ಎಆರ್‌ಎಸ್ ಸ್ಟೀಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಯಾವುದು ಅಂತರ್ಗತ ನಷ್ಟ, ಯಾವುದು ನಾಶ ಎಂಬ ಪ್ರಶ್ನೆ ಎದ್ದಾಗ ಉದ್ಯಮಿಯ ಬೆಂಬಲಕ್ಕೆ ನಿಲ್ಲುವುದು ಅದೇ ದಾಖಲೆ ಪುಸ್ತಕ. ಉಳಿದ ತುಂಡುಗಳನ್ನು ಮಾರಿದರೆ ಅದಕ್ಕೂ ಬಿಲ್ಲು ಮಾಡಬೇಕೆಂಬುದನ್ನು ಮರೆಯಬಾರದು.

ಸುರಕ್ಷತೆ

ಜರುಗುವ ತುಂಡನ್ನು ಕೈಯಿಂದ ಒತ್ತಿ ಹಿಡಿಯುವ ಅಭ್ಯಾಸವನ್ನು ಯಾವ ಮಾಲೀಕನೂ ಸಹಿಸಬಾರದು. ಸಡಿಲಗೊಂಡ ತುಂಡನ್ನು ಬಿಟ್ ಕಣ್ಣು ಮಿಟುಕಿಸುವುದರೊಳಗೆ ಎಸೆಯುತ್ತದೆ. ಹಿಡಿದ ಬೆರಳು ಬಿಟ್ಟಿನೆಡೆಗೆ ಸೆಳೆಯಲ್ಪಡುತ್ತದೆ. ತುಂಡು ಅಲುಗಿದೊಡನೆ ತುರ್ತು ನಿಲುಗಡೆಯ ಗುಂಡಿ ಒತ್ತಬೇಕು. ಬಿಟ್ ಪೂರ್ತಿ ನಿಂತ ಮೇಲೆಯೇ ಕೈ ಹಾಕಬೇಕು. ತಿರುಗುವ ಬಿಟ್ಟಿನ ಬಳಿ ಕೈಗವಸು, ಸಡಿಲ ತೋಳಿನ ಅಂಗಿ ಹಾಗೂ ಇಳಿಬಿಟ್ಟ ಟವೆಲ್ಲು ಸಲ್ಲವು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಮೂಗಿಗೆ ಎನ್-95 ಮುಸುಕು ಅವಶ್ಯ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ಮನೆಯಲ್ಲಿ ಕೆಲಸ ನಡೆಯುವಾಗ ಮನೆಯವರ ಮಕ್ಕಳು ಕುತೂಹಲದಿಂದ ಹತ್ತಿರ ಬರುತ್ತಾರೆ. ಕೆಲಸದ ಜಾಗಕ್ಕೆ ಹಗ್ಗ ಕಟ್ಟಿ ಗಡಿ ಹಾಕುವುದು ಯಂತ್ರ ತಂದವನ ಕರ್ತವ್ಯ.

ಬಂಡವಾಳದ ಯೋಜನೆಯಲ್ಲಿ ಹಿಡಿತಕ್ಕೂ ಸ್ಥಾನ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 18 ಕಸುಬುಗಳನ್ನು ಒಳಗೊಂಡಿದ್ದು, ಬಡಗಿ ಕೆಲಸ ಅವುಗಳಲ್ಲೊಂದು. ತರಬೇತಿ, ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗಿನ ಪ್ರೋತ್ಸಾಹಧನ ಹಾಗೂ ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿ ಸಾಲ ಅದರ ಮುಖ್ಯ ಅಂಶಗಳು. ಯಾವ ಮೂಲದ ಸಾಲವೇ ಆಗಲಿ, ಯೋಜನಾ ವರದಿಯಲ್ಲಿ ಯಂತ್ರದ ಬೆಲೆಯನ್ನು ಮಾತ್ರ ನಮೂದಿಸಿ ಮುಗಿಸಬಾರದು. ಮಡಿಸುವ ಚೌಕಟ್ಟು, ಕ್ಲಾಂಪುಗಳು, ರಸಮಟ್ಟ, ಧೂಳು ಹೀರುವ ಯಂತ್ರ, ಹೆಚ್ಚುವರಿ ಬಿಟ್ಟುಗಳು, ಮೊದಲ ಆರು ತಿಂಗಳ ಅಡಿ ಹಲಗೆ ಹಾಗೂ ಟೇಪಿನ ವೆಚ್ಚ ಇವೂ ಸೇರಬೇಕು. ಇವನ್ನು ಬಿಟ್ಟು ಸಾಲ ಪಡೆದವನು ಮೊದಲ ತಿಂಗಳಲ್ಲಿಯೇ ದುಡಿಯುವ ಬಂಡವಾಳಕ್ಕೆ ಕೈ ಹಾಕಬೇಕಾಗುತ್ತದೆ. ಇಲ್ಲವೇ ಹಿಡಿತವಿಲ್ಲದೆ ಕೆಲಸ ಆರಂಭಿಸಬೇಕಾಗುತ್ತದೆ. ಕಂತು ಮಾತ್ರ ಎರಡು ಸಂದರ್ಭದಲ್ಲಿಯೂ ತಪ್ಪದೆ ಬರುತ್ತದೆ.

ಹೊಸ ಯಂತ್ರ ಕೊಂಡವರು ಮೊದಲ ವಾರ ಬೆಲೆಬಾಳುವ ಹಲಗೆಯನ್ನು ಮುಟ್ಟದೆ, ತುಂಡು ಹಲಗೆಗಳ ಮೇಲೆ ವಿವಿಧ ಹಿಡಿತಗಳನ್ನು ಪರೀಕ್ಷಿಸುವುದು ಒಳ್ಳೆಯದು. ಒಂದು ಚೌಕ ಹಾಗೂ ಒಂದು ವೃತ್ತವನ್ನು ಕತ್ತರಿಸಿ ಅಳತೆಪಟ್ಟಿಯಿಂದ ನೋಡಿದರೆ ಸಾಕು. ಚೌಕದ ಎರಡು ಕರ್ಣಗಳು ಸಮವಾಗಿಲ್ಲದಿದ್ದರೆ, ವೃತ್ತ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಮೊದಲು ಹಲಗೆಯ ಹಿಡಿತವನ್ನು ಪರಿಶೀಲಿಸಿ, ಆನಂತರವೇ ಯಂತ್ರ ಮಾರಿದವರಿಗೆ ದೂರು ಕೊಡಬೇಕು. ಈ ಪರೀಕ್ಷೆಗೆ ತಗಲುವ ಖರ್ಚು ಒಂದು ಹಲಗೆಯ ಬೆಲೆಯನ್ನು ಮೀರುವುದಿಲ್ಲ. ಅದು ಉಳಿಸಬಲ್ಲ ಮೊತ್ತವನ್ನು ವರ್ಷಾಂತ್ಯದ ಲಾಭನಷ್ಟ ಪತ್ರಿಕೆಯೇ ತೋರಿಸಿಕೊಡುತ್ತದೆ.